ಪುಣೆ ವಿಶ್ವವಿದ್ಯಾಲಯ: ಕನ್ನಡ ಸಂಶೋಧಕರ ದೃಷ್ಟಿಯಿಂದ ಒಂದು ಪರಿಚಯ

ಕರ್ನಾಟಕದ ಹೊರಗೆ ನೆಲೆಸಿ ಕನ್ನಡದ ಬಗೆಗೆ ಸಂಶೋಧನೆ ನಡೆಸುವವರು ಆಕರಗಳಿಗಾಗಿ ಸಾಮಾನ್ಯವಾಗಿ ಮದ್ರಾಸು ಮತ್ತು ಮುಂಬಯಿ ವಿಶ್ವವಿದ್ಯಾಲಯಗಳತ್ತ ನೋಡುತ್ತಾರೆ. ಅಲ್ಲಿ ಕನ್ನಡ ವಿಭಾಗಗಳು ಬೆಳೆದುಬಂದಿರುವುದರಿಂದ ಇದು ಸಹಜವೇ. ಪುಣೆಯ ಹೆಸರು ಈ ಸಂದರ್ಭದಲ್ಲಿ ಬರುವುದು ಕಡಿಮೆ. ಬಂದರೂ ಭಾಂಡಾರಕರ ಸಂಸ್ಥೆಯ ಮಹಾಭಾರತದ ಮಾತಿನೊಂದಿಗೆ ಅದು ಮುಗಿದುಹೋಗುತ್ತದೆ. ಆದರೆ 1949ರಿಂದ 1962ರವರೆಗೆ ಕನ್ನಡ ಮಾತನಾಡುವ ಒಂದು ವಿಸ್ತಾರವಾದ ಗಡಿಪ್ರದೇಶ ಪುಣೆ ವಿಶ್ವವಿದ್ಯಾಲಯದ ಆಡಳಿತವ್ಯಾಪ್ತಿಯಲ್ಲಿತ್ತು; ಕನ್ನಡದ ಕೆಲವು ಹಿರಿಯ ವಿದ್ವಾಂಸರು ಅದರ ಸಂಯೋಜಿತ ಕಾಲೇಜುಗಳ ಅಧ್ಯಾಪಕರಾಗಿದ್ದರು; ಕನ್ನಡ ಉಪಭಾಷೆಗಳ ಮತ್ತು ಕರ್ನಾಟಕ ಪ್ರಾಗಿತಿಹಾಸದ ಹಲವು ಮೂಲಭೂತ ಅಧ್ಯಯನಗಳು ಅದರ ಆಶ್ರಯದಲ್ಲಿಯೇ ಸಿದ್ಧವಾದವು. ಇವುಗಳಲ್ಲಿ ಯಾವುದೂ ಕನ್ನಡ ವಿಭಾಗದ ಹೆಸರಿನಲ್ಲಿ ನಡೆಯಲಿಲ್ಲವಾದ್ದರಿಂದ ಹುಡುಕುವವರ ಕಣ್ಣಿಗೆ ಇವು ಬಿದ್ದಿಲ್ಲ. ಈ ವಿಶ್ವವಿದ್ಯಾಲಯದ ರಚನೆಯನ್ನೂ ಇತಿಹಾಸವನ್ನೂ ಪರಿಚಯಿಸುತ್ತ, ಕನ್ನಡದ ಸಾಮಗ್ರಿ ಅಲ್ಲಿ ಎಲ್ಲೆಲ್ಲಿ ಹುದುಗಿದೆ ಎಂಬುದನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪಶ್ಚಿಮ ಭಾರತದ ಉಚ್ಚಶಿಕ್ಷಣವೆಲ್ಲ ಬಹುಕಾಲ 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ ಅಧೀನದಲ್ಲಿತ್ತು. ಧಾರವಾಡದ ಕರ್ನಾಟಕ ಕಾಲೇಜು, ಬೆಳಗಾವಿಯ ಲಿಂಗರಾಜ ಕಾಲೇಜು, ಪುಣೆಯ ಫರ್ಗ್ಯುಸನ್ ಕಾಲೇಜು, ಸಾಂಗಲಿಯ ವಿಲಿಂಗ್ಡನ್ ಕಾಲೇಜು ಇವೆಲ್ಲವುಗಳ ವಿದ್ಯಾರ್ಥಿಗಳು ಒಂದೇ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂಡುತ್ತಿದ್ದರು. ಪ್ರಾದೇಶಿಕ ವಿಶ್ವವಿದ್ಯಾಲಯಗಳು ಬೇಕೆಂಬ ಬೇಡಿಕೆ ಮರಾಠಿ, ಕನ್ನಡ, ಗುಜರಾತಿ ಮೂರೂ ಪ್ರದೇಶಗಳಲ್ಲಿ ಬಲಗೊಂಡಿತು. ಸ್ವಾತಂತ್ರ್ಯಾನಂತರ ಮುಂಬಯಿ ಶಾಸನಸಭೆ 1948ರಲ್ಲಿ ಪುಣೆ ವಿಶ್ವವಿದ್ಯಾಲಯದ ಕಾಯಿದೆಯನ್ನು ಅಂಗೀಕರಿಸಿತು. 1949ರ ಫೆಬ್ರವರಿ 10ರಂದು ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು. ಎಂ.ಆರ್. ಜಯಕರ್ ಅವರು ಮೊದಲ ಕುಲಪತಿಗಳು. 1956ರವರೆಗೆ ಅವರು ಆ ಸ್ಥಾನದಲ್ಲಿದ್ದರು. ಮುಂಬಯಿ ಪ್ರಾಂತದ ಮುಖ್ಯಮಂತ್ರಿ ಬಿ.ಜಿ. ಖೇರ್ ಅವರ ಆಸಕ್ತಿಯಿಂದಾಗಿ ನಗರದ ವಾಯವ್ಯಕ್ಕೆ ಗಣೇಶಖಿಂಡದಲ್ಲಿ 411 ಎಕರೆಗಳ ನಿವೇಶನ ದೊರೆಯಿತು. ಆರಂಭದ ವರ್ಷದಲ್ಲಿ 18 ಕಾಲೇಜುಗಳೂ ಎಂಟು ಸಾವಿರಕ್ಕೆ ಮಿಕ್ಕ ವಿದ್ಯಾರ್ಥಿಗಳೂ ಅದರ ವ್ಯಾಪ್ತಿಯಲ್ಲಿದ್ದರು. 2014ರಲ್ಲಿ ಸಾವಿತ್ರಿಬಾಯಿ ಫುಲೆ ಅವರ ಹೆಸರನ್ನು ವಿಶ್ವವಿದ್ಯಾಲಯಕ್ಕೆ ಇಡಲಾಯಿತು. ಜೋತಿರಾವ್ ಮತ್ತು ಸಾವಿತ್ರಿಬಾಯಿ ದಂಪತಿಗಳು 1848ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದದ್ದು ಇದೇ ನಗರದಲ್ಲಿ.

ಗಣೇಶಖಿಂಡದ ಮುಖ್ಯ ಕಟ್ಟಡ ಮೂಲತಃ ಮುಂಬಯಿ ಗವರ್ನರರ ಮಳೆಗಾಲದ ನಿವಾಸ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೆಯರ್ ಅದರ ನಿರ್ಮಾಣವನ್ನು ಆರಂಭಿಸಿದನು. 1897ರ ಜೂನ್ 22ರ ರಾತ್ರಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಸಮಾರಂಭ ಮುಗಿಸಿಕೊಂಡು ಇಲ್ಲಿಂದ ಹೊರಟ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿದ್ದು ಇದೇ ಗಣೇಶಖಿಂಡದ ರಸ್ತೆಯಲ್ಲಿ. ಅಂಥ ಭವನ ಐವತ್ತೆರಡು ವರ್ಷಗಳೊಳಗಾಗಿ ವಿದ್ಯಾಪೀಠವಾಯಿತೆಂಬುದು ಪುಣೆಯವರು ಇಂದಿಗೂ ಅಭಿಮಾನದಿಂದ ಹೇಳುವ ಮಾತು.

ನಮಗೆ ಮುಖ್ಯವಾದದ್ದು ಕಟ್ಟಡಕ್ಕಿಂತಲೂ ಅದರ ಆಡಳಿತಕ್ಕೆ ಸೇರಿದ ಭೂಪಟ. ಪ್ರಾರಂಭದಲ್ಲಿ ಪಶ್ಚಿಮ ಮಹಾರಾಷ್ಟ್ರದ ಹನ್ನೆರಡು ಜಿಲ್ಲೆಗಳು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ್ದವು. ಅದೇ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಾಯಿದೆಯೂ ಜಾರಿಗೆ ಬಂದು, ಮುಂಬಯಿಯಲ್ಲಿ ಆರಂಭಗೊಂಡ ಆ ಸಂಸ್ಥೆ ಅದೇ ವರ್ಷ ಧಾರವಾಡಕ್ಕೆ ಸ್ಥಳಾಂತರಗೊಂಡಿತು. ಹೀಗೆ ಮುಂಬಯಿ ವಿಶ್ವವಿದ್ಯಾಲಯದ ಭೂಭಾಗವನ್ನು ಭಾಷೆಯ ಆಧಾರದಿಂದ ಹಂಚಿದ ಗೆರೆ, 1956ರ ರಾಜ್ಯ ಪುನರ್ವಿಂಗಡಣೆಗೆ ಏಳು ವರ್ಷ ಮೊದಲೇ ಬಿದ್ದಿತ್ತು. ಭಾಷಾವಾರು ಪ್ರಾಂತಗಳಿಗಿಂತ ಭಾಷಾವಾರು ವಿಶ್ವವಿದ್ಯಾಲಯಗಳು ಮುಂಚಿತವಾಗಿ ಬಂದವು ಎಂಬ ಈ ಸಂಗತಿಗೆ ಏಕೀಕರಣದ ಇತಿಹಾಸಕಾರರು ಸಾಕಷ್ಟು ಗಮನ ಕೊಟ್ಟಿಲ್ಲವೆಂದೇ ನಮ್ಮ ಅಭಿಪ್ರಾಯ. ಆ ಗೆರೆಯ ಉತ್ತರಕ್ಕೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಸಾಂಗಲಿ, ಕೊಲ್ಲಾಪುರಗಳು ಉಳಿದವು. ಇವುಗಳಲ್ಲಿ ಹಲವೆಡೆ ಕನ್ನಡ ಮನೆಮಾತು, ಕೆಲವೆಡೆ ಊರಮಾತು. ಗಡಿವಿವಾದದ ಚರ್ಚೆಗೆ ಇಲ್ಲಿ ನಾವು ಇಳಿಯುವುದಿಲ್ಲ. ವಿದ್ಯಾಭ್ಯಾಸದ ದೃಷ್ಟಿಯಿಂದ ಈ ಪ್ರದೇಶದ ಕನ್ನಡಿಗರು 1949ರಲ್ಲಿ ಪುಣೆಯ ಪದವೀಧರರಾಗತೊಡಗಿದರು ಎಂಬುದಷ್ಟೇ ಪ್ರಸ್ತುತ.

ಇದರ ಪರಿಣಾಮವನ್ನು ವ್ಯಕ್ತಿಗಳ ಮೂಲಕ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ದ.ರಾ. ಬೇಂದ್ರೆಯವರು 1918ರಲ್ಲಿ ಫರ್ಗ್ಯುಸನ್ ಕಾಲೇಜಿನಿಂದ ಪದವಿ ಪಡೆದವರು. ಆಗ ಅದು ಮುಂಬಯಿ ವಿಶ್ವವಿದ್ಯಾಲಯದ ಪದವಿ. ಮುಂದೆ 1944ರಿಂದ 1956ರವರೆಗೆ ಅವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದರು. ಎಂದರೆ ಕೊನೆಯ ಏಳು ವರ್ಷ ಬೇಂದ್ರೆಯವರು ಕನ್ನಡ ಕಲಿಸಿದ್ದು ಪುಣೆ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜಿನಲ್ಲಿ. ರಂ.ಶ್ರೀ. ಮುಗಳಿಯವರು ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ದೀರ್ಘಕಾಲ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ 1953ರಲ್ಲಿ ಪ್ರಕಟವಾಗಿ, 1956ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ವಿ.ಕೃ. ಗೋಕಾಕರು ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪನವನ್ನು ಆರಂಭಿಸಿ, ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾಗಿ, 1949ರಿಂದ 1952ರವರೆಗೆ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಮುಖ್ಯಸ್ಥರಾಗಿದ್ದರು. ಅದೇ ರಾಜಾರಾಮ ಕಾಲೇಜಿನಲ್ಲಿ ಬೆಳಗಾವಿ ಜಿಲ್ಲೆಯ ಸದಲಗದವರಾದ ಆ.ನೇ. ಉಪಾಧ್ಯೆಯವರು ಅರ್ಧಮಾಗಧಿಯನ್ನು ಬೋಧಿಸುತ್ತ ಜೈನ ಗ್ರಂಥಗಳ ಸಂಪಾದನೆಯ ಶ್ರೇಷ್ಠ ಮಾದರಿಗಳನ್ನು ನಿರ್ಮಿಸಿದರು. ಕನ್ನಡ ಸಾಹಿತ್ಯಚರಿತ್ರೆಯ ಇಷ್ಟು ದೊಡ್ಡ ಭಾಗ ಪುಣೆಯ ಪರೀಕ್ಷಾಪಟ್ಟಿ, ಪಠ್ಯಕ್ರಮ, ಅಭ್ಯಾಸಮಂಡಳಿಗಳ ಆವರಣದೊಳಗೆ ನಡೆದಿದೆ. ಆ ಕಾಲದ ಕೈಪಿಡಿಗಳನ್ನೂ ಪಠ್ಯಸೂಚಿಗಳನ್ನೂ ಕನ್ನಡ ಶಿಕ್ಷಣದ ಇತಿಹಾಸಕ್ಕಾಗಿ ಬಳಸಿಕೊಂಡ ಅಧ್ಯಯನ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಅನಂತರ ವಿಶ್ವವಿದ್ಯಾಲಯದ ಎಲ್ಲೆ ಕುಗ್ಗುತ್ತ ಬಂದಿತು. 1962ರಲ್ಲಿ ಕೊಲ್ಲಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ ಸ್ಥಾಪಿತವಾದಾಗ ದಕ್ಷಿಣದ ಜಿಲ್ಲೆಗಳು ಅದಕ್ಕೆ ಸೇರಿದವು. 1990ರಲ್ಲಿ ಉತ್ತರ ಮಹಾರಾಷ್ಟ್ರ ವಿಶ್ವವಿದ್ಯಾಲಯ ಬಂದು ಜಳಗಾಂವ್, ಧುಳೆಗಳೂ ಬೇರ್ಪಟ್ಟವು. ಉಳಿದದ್ದು ಪುಣೆ, ನಾಸಿಕ ಮತ್ತು 2024ರಿಂದ ಅಹಿಲ್ಯಾನಗರವೆಂದು ಕರೆಯಲ್ಪಡುವ ಅಹಮದನಗರ. ಇತ್ತ ಸೊಲ್ಲಾಪುರ ಜಿಲ್ಲೆ 2004ರಲ್ಲಿ ಶಿವಾಜಿ ವಿಶ್ವವಿದ್ಯಾಲಯದಿಂದಲೂ ಬೇರೆಯಾಗಿ ತನ್ನದೇ ವಿಶ್ವವಿದ್ಯಾಲಯವನ್ನು ಪಡೆಯಿತು. ಸೊಲ್ಲಾಪುರ ಸೀಮೆಯ ಒಂದು ಕನ್ನಡ ಮನೆತನವನ್ನು ಊಹಿಸಿಕೊಳ್ಳಿ: ಅಜ್ಜ ಮುಂಬಯಿಯ ಪದವೀಧರ, ಮಗ ಪುಣೆಯವನು, ಮೊಮ್ಮಗಳು ಕೊಲ್ಲಾಪುರದವಳು, ಮರಿಮಗ ಸೊಲ್ಲಾಪುರದವನು. ಮನೆ ಮಾತ್ರ ಇದ್ದಲ್ಲಿಯೇ ಇದೆ, ಮನೆಯ ಮಾತೂ ಅದೇ. ಗಡಿನಾಡಿನ ಕನ್ನಡ ಶಿಕ್ಷಣದ ದಾಖಲೆಗಳನ್ನು ಒಂದೇ ಕಡೆ ಹುಡುಕಿ ನಿರಾಶರಾಗುವವರು ಈ ಕ್ರಮವನ್ನು ನೆನಪಿನಲ್ಲಿಟ್ಟುಕೊಂಡರೆ, ಯಾವ ವರ್ಷದ ದಾಖಲೆಗೆ ಯಾವ ಊರಿಗೆ ಹೋಗಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಇನ್ನು ವಿಶ್ವವಿದ್ಯಾಲಯದ ಆಂತರಿಕ ರಚನೆ. ಇದನ್ನು ಮೂರು ವಲಯಗಳಾಗಿ ಭಾವಿಸಿಕೊಂಡರೆ ಅನುಕೂಲ. ಗಣೇಶಖಿಂಡದ ಆವರಣದಲ್ಲಿರುವ ಸ್ನಾತಕೋತ್ತರ ವಿಭಾಗಗಳು ಒಂದು ವಲಯ. ಸಂಯೋಜಿತ ಕಾಲೇಜುಗಳು ಎರಡನೆಯದು. ಸಂಶೋಧಕರ ದೃಷ್ಟಿಯಿಂದ ಮೂರನೆಯದೇ ಮಹತ್ವದ್ದು. ವಿಶ್ವವಿದ್ಯಾಲಯಕ್ಕಿಂತ ಹಳೆಯವಾದ ಸ್ವತಂತ್ರ ಸಂಶೋಧನ ಸಂಸ್ಥೆಗಳು ವಿಶ್ವವಿದ್ಯಾಲಯದ ಮನ್ನಣೆ ಪಡೆದು, ಅದರ ಪರವಾಗಿ ಸ್ನಾತಕೋತ್ತರ ಬೋಧನೆಯನ್ನೂ ಪಿಎಚ್.ಡಿ. ಮಾರ್ಗದರ್ಶನವನ್ನೂ ನಡೆಸಿದವು. 1821ರ ಹಿಂದೂ ಕಾಲೇಜಿನಲ್ಲಿ ತನ್ನ ಮೂಲವನ್ನು ಕಾಣುವ ಡೆಕ್ಕನ್ ಕಾಲೇಜು, 1917ರ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ, 1930ರ ಗೋಖಲೆ ಅರ್ಥಶಾಸ್ತ್ರ ಸಂಸ್ಥೆ ಇಂಥವು. ಇಲ್ಲಿನ ವಿದ್ವಾಂಸರೇ ವಿಶ್ವವಿದ್ಯಾಲಯದ ಆಡಳಿತಕ್ಕೂ ಬಂದರು. ಗೋಖಲೆ ಸಂಸ್ಥೆಯ ಡಿ.ಆರ್. ಗಾಡಗೀಳರು, ಭಾರತ ಇತಿಹಾಸ ಸಂಶೋಧಕ ಮಂಡಳದ ಪರಂಪರೆಯ ದತ್ತೋ ವಾಮನ ಪೋತದಾರರು 1960ರ ದಶಕದಲ್ಲಿ ಕುಲಪತಿಗಳಾದವರು. ಸೊಲ್ಲಾಪುರ ನಗರವನ್ನು ಕುರಿತು ಗಾಡಗೀಳರು ನಡೆಸಿದ ಸಾಮಾಜಿಕ-ಆರ್ಥಿಕ ಅಧ್ಯಯನ 1965ರಲ್ಲಿ ಪ್ರಕಟವಾಗಿದೆ. ಗಡಿನಾಡಿನ ಜನಜೀವನವನ್ನು ಅಭ್ಯಸಿಸುವವರು ಅದನ್ನು ಬಿಡುವಂತಿಲ್ಲ.

ಡೆಕ್ಕನ್ ಕಾಲೇಜಿನ ವಿಷಯದಲ್ಲಿ ನಾವು ಸ್ವಲ್ಪ ನಿಲ್ಲಬೇಕು. 1930ರ ದಶಕದಲ್ಲಿ ಮುಚ್ಚಿಹೋಗಿದ್ದ ಆ ಕಾಲೇಜು 1939ರಲ್ಲಿ ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಪುನರಾರಂಭಗೊಂಡಿತು. ಭಾಷಾವಿಜ್ಞಾನದಲ್ಲಿ ಎಸ್.ಎಂ. ಕತ್ರೆ, ಪುರಾತತ್ತ್ವದಲ್ಲಿ ಎಚ್.ಡಿ. ಸಾಂಕಳಿಯಾ, ಸಮಾಜಶಾಸ್ತ್ರದಲ್ಲಿ ಇರಾವತಿ ಕರ್ವೆ ಮೊದಲ ತಲೆಮಾರಿನ ಆಚಾರ್ಯರು. ಜಿ.ಎಸ್. ಗಾಯಿಯವರ ಹಳಗನ್ನಡದ ಚಾರಿತ್ರಿಕ ವ್ಯಾಕರಣ 1946ರಲ್ಲಿ ಇಲ್ಲಿಂದಲೇ ಹೊರಬಂದಿತು. ಎಂಟು, ಒಂಬತ್ತು, ಹತ್ತನೆಯ ಶತಮಾನಗಳ ಶಾಸನಗಳನ್ನೇ ಆಧರಿಸಿದ ಆ ಗ್ರಂಥವನ್ನು ದಾಟಿ ಹಳಗನ್ನಡದ ವ್ಯಾಕರಣ ಚರ್ಚೆ ಇಂದಿಗೂ ಮುಂದೆ ಹೋಗಲಾರದು. 1950ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಇಲ್ಲಿ ನಡೆದ ಭಾಷಾವಿಜ್ಞಾನದ ಶಿಬಿರಗಳು ಭಾರತದ ಭಾಷಾಧ್ಯಯನಕ್ಕೆ ಹೊಸ ದಿಕ್ಕನ್ನು ತೋರಿದವು. ಅಮೆರಿಕದ ವಿಲಿಯಂ ಬ್ರೈಟ್ ಅವರ ಆಡುಗನ್ನಡದ ರೂಪರೇಷೆ 1958ರಲ್ಲಿ ಡೆಕ್ಕನ್ ಕಾಲೇಜಿನ ಪ್ರಕಟಣೆಯಾಯಿತು. ಮುಂದಿನ ದಶಕದಲ್ಲಿ ಗುಲಬರ್ಗ ಕನ್ನಡ, ಹಾಲಕ್ಕಿ ಕನ್ನಡ, ನಂಜನಗೂಡು ಕನ್ನಡಗಳ ವಿವರಣೆಗಳು ಕ್ರಮವಾಗಿ ಆರ್. ಮಹಾದೇವನ್, ಎ.ಎಸ್. ಆಚಾರ್ಯ, ಯು.ಪಿ. ಉಪಾಧ್ಯಾಯ ಅವರಿಂದ ರಚಿತವಾಗಿ ಅಲ್ಲಿಯೇ ಮುದ್ರಣಗೊಂಡವು. ಡಿ.ಎನ್. ಶಂಕರ ಭಟ್ಟರ ಕೊರಗ ಭಾಷೆಯ ಅಧ್ಯಯನ 1971ರದು. ಕನ್ನಡ ವ್ಯಾಕರಣದ ಬಗೆಗೆ ಮುಂದೆ ಅವರು ಎತ್ತಿದ ತೀಕ್ಷ್ಣ ಪ್ರಶ್ನೆಗಳಿಗೆ ಆಡುಮಾತುಗಳನ್ನು ಕಿವಿಗೊಟ್ಟು ಕೇಳಿ ವಿವರಿಸುವ ಈ ಪುಣೆಯ ಶಿಸ್ತಿನ ಹಿನ್ನೆಲೆಯಿದೆ ಎಂದು ನಾವು ಭಾವಿಸುತ್ತೇವೆ.

ಇದೇ ಸಂದರ್ಭದಲ್ಲಿ ಸಾಂಗಲಿಯ ಬಳಿಯ ಕುಪವಾಡ ಗ್ರಾಮವನ್ನು ನೆನೆಯಬೇಕು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಹಳ್ಳಿ ಜಗತ್ತಿನ ಭಾಷಾವಿಜ್ಞಾನದ ಪಠ್ಯಗಳಲ್ಲೆಲ್ಲ ಸೇರಿಹೋಗಿದೆ. ಅಲ್ಲಿನ ಜೈನರೂ ಲಿಂಗಾಯತರೂ ಕನ್ನಡವನ್ನು, ಮುಸಲ್ಮಾನರು ಉರ್ದುವನ್ನು, ಮತ್ತೆ ಕೆಲವರು ಮರಾಠಿಯನ್ನು ಮನೆಯಲ್ಲಿ ಮಾತನಾಡುತ್ತ, ಶತಮಾನಗಳ ಸಹವಾಸದಿಂದ ಈ ಭಾಷೆಗಳ ವಾಕ್ಯರಚನೆ ಒಂದೇ ಅಚ್ಚಿಗೆ ಬಂದಿದೆ. ಶಬ್ದಗಳು ಮಾತ್ರ ಬೇರೆಬೇರೆಯಾಗಿ ಉಳಿದಿವೆ ಎಂಬುದು ಅವರ ಪ್ರತಿಪಾದನೆ. ವಿಶ್ವವಿದ್ಯಾಲಯಗಳ ನಡುವೆ ಗೆರೆಯೆಳೆದ ಶಾಸನಕಾರರು ಭಾಷೆಗಳನ್ನು ಬೇರ್ಪಡಿಸಿದ ಪ್ರದೇಶದಲ್ಲಿಯೇ ವ್ಯಾಕರಣಗಳು ಒಂದಾಗಿದ್ದವು.

ಪುರಾತತ್ತ್ವದಲ್ಲಿ ಡೆಕ್ಕನ್ ಕಾಲೇಜಿನ ಕನ್ನಡನಾಡಿನ ಕಾರ್ಯ ಇನ್ನೂ ವಿಸ್ತಾರವಾದುದು. ಬಿ. ಸುಬ್ಬರಾವ್ ಅವರ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಗ್ರಂಥ 1948ರಷ್ಟು ಹಿಂದಿನದು. 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಕೆ.ಸಿ. ಮಲ್ಹೋತ್ರಾ ಅವರೊಡನೆ ತೆಕ್ಕಲಕೋಟೆಯಲ್ಲಿ ಉತ್ಖನನ ನಡೆಸಿ, 1965ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಕೆ. ಪದ್ದಯ್ಯ ಅವರು ಮೊದಲು ಸುರಪುರ ದೋಆಬಿನ ನವಶಿಲಾಯುಗವನ್ನು, ಬಳಿಕ ದಶಕಗಳ ಕಾಲ ಹುಣಸಗಿ ಮತ್ತು ಬೈಚಬಾಳ ಕಣಿವೆಗಳ ಹಳೆಯ ಶಿಲಾಯುಗವನ್ನು ಅಭ್ಯಸಿಸಿದರು. ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಇಸಾಂಪುರದಲ್ಲಿ 1997ರಿಂದ 2001ರವರೆಗೆ ನಡೆದ ಉತ್ಖನನ, ಆದಿಮಾನವರು ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಉಪಕರಣಗಳನ್ನು ಮಾಡುತ್ತಿದ್ದ ನೆಲೆಯನ್ನೇ ತೆರೆದು ತೋರಿಸಿತು; ಅದರ ಕಾಲ ಸುಮಾರು ಹನ್ನೆರಡು ಲಕ್ಷ ವರ್ಷಗಳ ಹಿಂದೆಂದು ಅಂದಾಜಾಗಿದೆ. ಇಲ್ಲಿ ಒಂದು ವ್ಯಾವಹಾರಿಕ ಸೂಚನೆ ಅಗತ್ಯ. ಡೆಕ್ಕನ್ ಕಾಲೇಜು 1990ರಲ್ಲಿ ವಿಶ್ವವಿದ್ಯಾಲಯಸಮಾನವೆಂಬ ಮನ್ನಣೆ ಪಡೆದು ಮುಂದೆ ತಾನೇ ಪದವಿ ನೀಡತೊಡಗಿತು. ಅದಕ್ಕೆ ಹಿಂದಿನ ನಾಲ್ಕು ದಶಕಗಳ ಪ್ರಬಂಧಗಳು ಪುಣೆ ವಿಶ್ವವಿದ್ಯಾಲಯದ ಹೆಸರಿನಲ್ಲಿವೆ. 1949ಕ್ಕೂ ಮೊದಲಿನವು ಮುಂಬಯಿಯ ಹೆಸರಿನಲ್ಲಿ. ಬೆರಳಚ್ಚಿನ ಪ್ರತಿಗಾಗಿ ಡೆಕ್ಕನ್ ಕಾಲೇಜಿನ ಗ್ರಂಥಾಲಯವನ್ನೂ ಗಣೇಶಖಿಂಡದ ಜಯಕರ್ ಗ್ರಂಥಾಲಯವನ್ನೂ ವಿಚಾರಿಸಬೇಕು. ಅಂತರಜಾಲದ ಶೋಧಗಂಗಾ ಭಂಡಾರದಲ್ಲಿ ಕಾಣದ ಮಾತ್ರಕ್ಕೆ ಪ್ರಬಂಧವೇ ಇಲ್ಲವೆಂದು ತೀರ್ಮಾನಿಸಬಾರದು.

ಸಂಸ್ಕೃತ ಮತ್ತು ಪ್ರಾಕೃತ ಅಧ್ಯಯನಗಳಲ್ಲಿ ಪುಣೆಯ ಕೀರ್ತಿ ಪ್ರಸಿದ್ಧವಾದುದರಿಂದ ಹೆಚ್ಚು ಹೇಳಬೇಕಾಗಿಲ್ಲ. ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ಸ್ಥಾಪಿತವಾದ ಸಂಸ್ಕೃತ ಉನ್ನತಾಧ್ಯಯನ ಕೇಂದ್ರಕ್ಕೆ ಆರ್.ಎನ್. ದಾಂಡೇಕರರು ಮೊದಲ ನಿರ್ದೇಶಕರು. ಭಾಂಡಾರಕರ ಸಂಸ್ಥೆ 1919ರಲ್ಲಿ ಕೈಗೊಂಡ ಮಹಾಭಾರತದ ಪರಿಷ್ಕರಣ 1966ರಲ್ಲಿ ಪೂರ್ಣಗೊಂಡಿತು. ಆದರೆ ಕನ್ನಡದ ಜೊತೆಗಿನ ನಂಟು ಇದಕ್ಕಿಂತ ಹಳೆಯದು. ನಮಗೆ ಉಪಲಬ್ಧವಾದ ಮೊದಲ ಕನ್ನಡ ಗ್ರಂಥವಾದ ‘ಕವಿರಾಜಮಾರ್ಗ’ವನ್ನು 1898ರಲ್ಲಿ ಸಂಪಾದಿಸಿ ಬೆಳಕಿಗೆ ತಂದ ಕೆ.ಬಿ. ಪಾಠಕರು ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದವರು. ಅದೇ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಮೂರನೆಯ ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿ ಪುಷ್ಪದಂತನು ಅಪಭ್ರಂಶದಲ್ಲಿ ರಚಿಸಿದ ಮಹಾಪುರಾಣವನ್ನು ಪುಣೆಯಲ್ಲಿ ಅಧ್ಯಾಪಕರಾಗಿದ್ದ ಪಿ.ಎಲ್. ವೈದ್ಯರು ಸಂಪಾದಿಸಿಕೊಟ್ಟರು. ಪಂಪ, ಪೊನ್ನರನ್ನು ಓದುವವರು ಅವರ ಸಮಕಾಲೀನನಾದ ಈ ಕವಿಯನ್ನೂ ಓದಬೇಕಾಗುತ್ತದೆ. ಮಳಖೇಡದ ಸಾಹಿತ್ಯಸಭೆಯ ಈ ಇನ್ನೊಂದು ಮಗ್ಗುಲು ಕನ್ನಡದ ಯಾವ ಸೂಚಿಯಲ್ಲೂ ಸಿಗದೆ ಪುಣೆಯ ಅಪಭ್ರಂಶದ ಸೂಚಿಗಳಲ್ಲಿ ಸಿಗುತ್ತದೆ.

ಮರಾಠಿ ವಿಭಾಗವನ್ನು ಕನ್ನಡ ಸಂಶೋಧಕರು ಸಾಮಾನ್ಯವಾಗಿ ಬದಿಗಿಡುತ್ತಾರೆ. ಇದು ದೊಡ್ಡ ನಷ್ಟ. ಆ ವಿಭಾಗದ ಶಂ.ಗೋ. ತುಳಪುಳೆಯವರು ಸಂಪಾದಿಸಿದ ಪ್ರಾಚೀನ ಮರಾಠಿ ಶಿಲಾಲೇಖಗಳ ಸಂಪುಟವನ್ನು ವಿಶ್ವವಿದ್ಯಾಲಯವೇ 1963ರಲ್ಲಿ ಪ್ರಕಟಿಸಿತು. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿಗಳಲ್ಲಿ ಬರೆದ ಚಿಕ್ಕ ಲೇಖಗಳು ಮರಾಠಿಯ ಪ್ರಾಚೀನತೆಯ ಚರ್ಚೆಯಲ್ಲಿ ಎಷ್ಟು ಮುಖ್ಯವೆಂಬುದು ಅಲ್ಲಿ ತಿಳಿಯುತ್ತದೆ. ಸೊಲ್ಲಾಪುರದ ಬಳಿ ಭೀಮಾ-ಸೀನಾ ಸಂಗಮದ ಕುಡಲದಲ್ಲಿ ದೊರೆತ ಶಕ 940ರ ಶಾಸನವೂ ಇಂಥದೇ ಚರ್ಚೆಗೆ ಸೇರಿದ್ದು. ಹೊಯ್ಸಳ ಸೋಮೇಶ್ವರನ 1237ರ ಶಾಸನ ಪಂಢರಪುರದಲ್ಲಿಯೇ ಇದ್ದು, ಅದರಲ್ಲಿ ಸಂಸ್ಕೃತದೊಡನೆ ಕನ್ನಡವಿದೆ. ಇಂಥ ಸಾಕ್ಷ್ಯಗಳನ್ನೆಲ್ಲ ಒಟ್ಟುಗೂಡಿಸಿ, ವಿಠ್ಠಲನ ಮೂಲವನ್ನು ದಕ್ಷಿಣದ ಪಶುಪಾಲಕ ಸಮುದಾಯಗಳಲ್ಲಿ ಹುಡುಕಿದವರು ಪುಣೆಯ ರಾ.ಚಿಂ. ಢೇರೆ. 1984ರಲ್ಲಿ ಬಂದ ಅವರ ಮರಾಠಿ ಗ್ರಂಥ ‘ಶ್ರೀ ವಿಠ್ಠಲ: ಏಕ್ ಮಹಾಸಮನ್ವಯ’ಕ್ಕೆ 1987ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ದಾಸಸಾಹಿತ್ಯದ ಅಭ್ಯಾಸಿಗಳು ಇಂಗ್ಲಿಷ್ ಅನುವಾದ ಬರುವವರೆಗೆ ಕಾಯಬೇಕಾಗಿರಲಿಲ್ಲ. ಮರಾಠಿ ಓದಬಲ್ಲವರಾಗಿದ್ದರೆ ಸಾಕಿತ್ತು. ನಮ್ಮನ್ನೂ ಸೇರಿಸಿಕೊಂಡೇ ಈ ಮಾತನ್ನು ಹೇಳುತ್ತಿದ್ದೇವೆ.

ವಿಜ್ಞಾನಗಳ ಬಗೆಗೆ ಎರಡು ಮಾತು. ಗಣೇಶಖಿಂಡದ ಆವರಣದಲ್ಲಿ 1988ರಲ್ಲಿ ಜಯಂತ ನಾರಳೀಕರರ ನೇತೃತ್ವದಲ್ಲಿ ಆರಂಭವಾದ ಖಗೋಳ ಮತ್ತು ಖಭೌತ ವಿಜ್ಞಾನದ ಅಂತರ-ವಿಶ್ವವಿದ್ಯಾಲಯ ಕೇಂದ್ರವಿದೆ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಸೇರಿದ ರೇಡಿಯೋ ಖಗೋಳ ಕೇಂದ್ರವೂ ಅಲ್ಲಿಯೇ ಇದೆ. ಖೋಡದದಲ್ಲಿ 45 ಮೀಟರ್ ವ್ಯಾಸದ 30 ಅಂಟೆನಾಗಳಿರುವ ದೂರದರ್ಶಕ ಅದರದು. ಜೀವಕೋಶ ವಿಜ್ಞಾನದ ರಾಷ್ಟ್ರೀಯ ಕೇಂದ್ರವೂ ನೆರೆಯಲ್ಲಿದೆ. ಇವು ವಿಶ್ವವಿದ್ಯಾಲಯದ ವಿಭಾಗಗಳಲ್ಲ, ಅದರ ನೆಲದ ಮೇಲೆ ನಿಂತ ಸ್ವತಂತ್ರ ಸಂಸ್ಥೆಗಳು. ಮಾನವಿಕಗಳಲ್ಲಿ ಡೆಕ್ಕನ್ ಕಾಲೇಜಿನಂಥ ಹಳೆಯ ಸಂಸ್ಥೆಗಳು ವಹಿಸಿದ ಪಾತ್ರವನ್ನು ವಿಜ್ಞಾನಗಳಲ್ಲಿ ಇವು ವಹಿಸಿವೆ ಎನ್ನಬಹುದು.

ಕೊನೆಯದಾಗಿ ಸೂಚಿಗಳ ವಿಷಯ. ಪುಣೆಯ ಗ್ರಂಥಾಲಯಗಳಲ್ಲಿ ಕೇವಲ ‘ಕನ್ನಡ’ ಎಂಬ ಶೀರ್ಷಿಕೆಯಡಿ ಹುಡುಕಿದವರಿಗೆ ದೊರೆಯುವುದು ಅಲ್ಪ. ಹಳೆಯ ಇಂಗ್ಲಿಷ್ ಪ್ರಕಟಣೆಗಳಲ್ಲಿ ನಮ್ಮ ನುಡಿ ‘ಕ್ಯಾನರೀಸ್’, ಮರಾಠಿಯಲ್ಲಿ ‘ಕಾನಡಿ’. ಧಾರವಾಡ, ಬೆಳಗಾವಿ ಸೀಮೆಗಳು ಹತ್ತೊಂಬತ್ತನೆಯ ಶತಮಾನದ ಸರಕಾರಿ ಕಡತಗಳಲ್ಲಿ ‘ಸದರ್ನ್ ಮರಾಠಾ ಕಂಟ್ರಿ’, ಎಂದರೆ ದಕ್ಷಿಣ ಮರಾಠಾ ಪ್ರದೇಶ. ಕನ್ನಡನಾಡಿನ ಹೃದಯಭಾಗಕ್ಕೆ ಇಂಥ ಹೆಸರಿದೆಯೆಂಬುದು ಹೊಸಬರಿಗೆ ಹೊಳೆಯುವುದಿಲ್ಲ. ನಮಗೂ ಮೊದಲ ಸಲ ಹೊಳೆದಿರಲಿಲ್ಲ. ಪೇಶ್ವೆ ಕಾಲದ ಕರ್ನಾಟಕದ ಆಡಳಿತವನ್ನು ಅಭ್ಯಸಿಸುವವರು ವಿಶ್ವವಿದ್ಯಾಲಯಕ್ಕೆ ಸೇರದ, ಸರಕಾರದ ಅಧೀನದಲ್ಲಿರುವ ಪೇಶ್ವೆ ದಫ್ತರಕ್ಕೂ ಹೋಗಬೇಕು. ಅದರಿಂದ ಆಯ್ದ ಕಾಗದಗಳನ್ನು ಗೋ.ಸ. ಸರದೇಸಾಯಿಯವರು 1930ರ ದಶಕದಲ್ಲಿ 45 ಸಂಪುಟಗಳಲ್ಲಿ ಅಚ್ಚು ಮಾಡಿಸಿದ್ದಾರೆ. ಮೂಲ ಕಾಗದಗಳು ಮೋಡಿ ಲಿಪಿಯಲ್ಲಿವೆ. ಆ ಲಿಪಿಯನ್ನು ಮೊದಲೇ ಕಲಿತು ಹೊರಡುವುದು ಲೇಸು. ಮುದ್ರಿತ ಸಂಪುಟಗಳ ಸೂಚಿಯಲ್ಲಿ ಊರಹೆಸರುಗಳನ್ನು ಗುರುತುಮಾಡಿಕೊಂಡು ಹೋದರೆ ದಫ್ತರದಲ್ಲಿ ಏನನ್ನು ಕೇಳಬೇಕೆಂಬುದೂ ಖಚಿತವಾಗುತ್ತದೆ.